ಚಂಚಿಯೊಳಗಿನ ಅಡಕೊತ್ತು



ಕುಷ್ಟಗಿ, ಯಲಬುರ್ಗಾ ಸೀಮೆಯ ಹಿರಿಯರು ಟೊಂಕಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಚಂಚಿಯನ್ನು ತಾವು ಕಂಡಿರಬಹುದು. ಎಲೆ, ಅಡಿಕೆ, ಸುಣ್ಣದ ಡಬ್ಬಿಗಳ ನಡುವೆ ಅದರಲ್ಲೊಂದು ಅಡಕೊತ್ತು ಇರುತ್ತಿತ್ತು. ಎರಡು ತೋಳು, ತುದಿಯಲ್ಲೊಂದು ಕೀಲು; ಮೇಲಿನ ತೋಳಿಗೆ ಮಾತ್ರ ಅಲಗು, ಕೆಳಗಿನದು ಅಡಿಕೆಗೆ ಪೀಠ. ಊರ ಕಂಬಾರನು ಕುಲುಮೆಯಲ್ಲಿ ಕಾಯಿಸಿ, ಬಡಿದು, ಹದಗೊಳಿಸಿದ ಆ ಪುಟ್ಟ ಉಪಕರಣದ ಮೇಲೆ ಸಾಮಾನ್ಯವಾಗಿ ಅವನ ಹೆಸರೂ ಇಲ್ಲ, ಸಂವತ್ಸರವೂ ಇಲ್ಲ.

ಅಮೆರಿಕದ ಕೇಸ್ ಮನೆತನದ ಜೇಬುಚಾಕುವಿನ ಭಾಗ್ಯ ಬೇರೆ. 1889ರಲ್ಲಿ ಸೋದರರು ಬಂಡಿಯಲ್ಲಿಟ್ಟು ಮಾರತೊಡಗಿದ ಆ ಚಾಕುಗಳ ಮುದ್ರೆಯ ಕೆಳಗೆ, 1970ರಲ್ಲಿ ಹತ್ತು ಚುಕ್ಕೆಗಳನ್ನೊತ್ತಿ, ಆಮೇಲೆ ವರ್ಷಕ್ಕೊಂದರಂತೆ ಕಡಿಮೆ ಮಾಡುತ್ತ ಬಂದುದರಿಂದ, ಚುಕ್ಕೆಗಳನ್ನೆಣಿಸಿಯೇ ಚಾಕುವಿನ ವಯಸ್ಸನ್ನು ನಿರ್ಣಯಿಸುವ ಸಂಗ್ರಾಹಕರು ಅಲ್ಲಿ ಬಹುಮಂದಿ. ವ್ಯಾಪಾರದ ಜಾಣತನವೂ ಇದರಲ್ಲಿ ಇಲ್ಲದಿಲ್ಲವೆನ್ನಿ!

ಅಡಕೊತ್ತಿಗೂ ಆದರ ದೊರೆತುದುಂಟು, ಪುಣೆಯಲ್ಲಿ. ಬಾಲ್ಯದಲ್ಲೇ ತೀರಿಕೊಂಡ ಮಗ ರಾಜಾನ ಸ್ಮರಣಾರ್ಥ ದಿನಕರ ಕೇಳಕರರು ಕಟ್ಟಿದ ವಸ್ತುಸಂಗ್ರಹಾಲಯದಲ್ಲಿ ದೀಪ, ಬೀಗಗಳೊಡನೆ ಬಗೆಬಗೆಯ ಆಕೃತಿಯ ಅಡಕೊತ್ತುಗಳೂ ಗೌರವದಿಂದ ಕುಳಿತಿವೆ. ಸೋಜಿಗವೆಂದರೆ, ಇವುಗಳಲ್ಲಿ ಹೆಚ್ಚಿನವು ಅರಮನೆಯ ಸೊತ್ತಲ್ಲ, ಮನೆಮನೆಯ ಬಳಕೆಯ ವಸ್ತುಗಳು. ನಮ್ಮ ಕೊಪ್ಪಳದ ಕಿನ್ನಾಳದ ಮರದ ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮನ್ನಣೆ ಬಂದಿದೆ, ಸಂತೋಷ. ಕಂಬಾರನ ಕೈಕೆಲಸವನ್ನು ವಿಚಾರಿಸುವವರು ಮಾತ್ರ ವಿರಳ.

ತಮ್ಮ ಮನೆಯ ಅಟ್ಟದಲ್ಲಿ ತುಕ್ಕು ಹಿಡಿದ ಅಡಕೊತ್ತೊಂದಿದ್ದರೆ ಗುಜರಿಯವನಿಗೆ ತೂಗಿ ಕೊಡಬೇಡಿ. ಕೊಬ್ಬರಿ ಎಣ್ಣೆ ಸವರಿ, ಅದನ್ನು ಹಿಡಿದವರಾರು, ಮಾಡಿದ ಊರಾವುದು ಎಂದು ಮನೆಯ ಹಿರಿಯರನ್ನು ಕೇಳಿ, ಒಂದು ಚೀಟಿಯಲ್ಲಿ ಬರೆದು ಜೊತೆಗೆ ಕಟ್ಟಿಡಿ.