ಕನಿಷ್ಠ ಮೊತ್ತದ ಮರ್ಮ

ನನ್ನ ಮಿತ್ರರೊಬ್ಬರು ನಿವೃತ್ತ ಮೇಷ್ಟರು. ಮಗಳ ಮದುವೆಯ ಜವಳಿಗೆಂದು ಕ್ರೆಡಿಟ್ ಕಾರ್ಡಿನಲ್ಲಿ 20,000 ರೂಪಾಯಿ ಸಾಲವಾಯಿತು. ಬಿಲ್ಲಿನಲ್ಲಿ ಕಾಣಿಸಿದ ‘ಕನಿಷ್ಠ ಮೊತ್ತ’ವನ್ನು ವರ್ಷವಿಡೀ ತಪ್ಪದೆ ಕಟ್ಟಿದರು. ಮೊನ್ನೆ ಬಂದು, “ಒಂದು ಕಂತೂ ತಪ್ಪಿಸಿಲ್ಲ ಸ್ವಾಮಿ, ಸಾಲ ಮಾತ್ರ ಕರಗಲೊಲ್ಲದು!” ಎಂದು ಪೇಚಾಡಿದರು.

ಕಾಗದ ತೆಗೆದು ಇಬ್ಬರೂ ಲೆಕ್ಕ ಹಾಕಿದೆವು. ಕನಿಷ್ಠ ಮೊತ್ತ ಬಾಕಿಯ ಶೇಕಡ 5. ಬಡ್ಡಿ ತಿಂಗಳಿಗೆ ಶೇಕಡ 3½. ಮೊದಲ ತಿಂಗಳು ಕಟ್ಟಿದ್ದು 1,000 ರೂಪಾಯಿ. ಅದರಲ್ಲಿ ಬಡ್ಡಿಗೆ 700. ಬಡ್ಡಿಯ ಮೇಲೆ ಶೇಕಡ 18ರಂತೆ ಜಿ.ಎಸ್.ಟಿ. 126. ಅಸಲಿಗೆ ಸಂದದ್ದು ಬರೀ 174! ವರ್ಷದಲ್ಲಿ 11,000ಕ್ಕೂ ಹೆಚ್ಚು ತೆತ್ತರೂ ಬಾಕಿ ಸುಮಾರು 18,000.

ಕನಿಷ್ಠ ಮೊತ್ತ ಕಟ್ಟಿದರೆ ತಡವಾದುದರ ದಂಡ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ಹಳೆಯ ಬಾಕಿ ಉಳಿದಿದ್ದರೆ ಹೊಸ ಖರೀದಿಗೂ ಬಡ್ಡಿಯಿಲ್ಲದ ಗಡುವು ಸಾಮಾನ್ಯವಾಗಿ ದೊರೆಯದು. ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಿದ್ದರೆ ಸಾಲ ತಿಂಗಳು, ವರ್ಷಗಳ ಕಾಲ ಎಳೆಯುತ್ತದೆಂಬ ಎಚ್ಚರಿಕೆಯನ್ನು ಬಿಲ್ಲಿನಲ್ಲಿಯೇ ನಮೂದಿಸಬೇಕೆಂದು ರಿಜರ್ವ್ ಬ್ಯಾಂಕು 2022ರಲ್ಲಿ ವಿಧಿಸಿತು. ಆ ಸಾಲನ್ನು ಓದುವವರು ನಮ್ಮಲ್ಲಿ ಎಷ್ಟು ಮಂದಿ?

ಪೂರ್ತಿ ಬಾಕಿಯನ್ನು ಗಡುವಿನೊಳಗೆ ತೀರಿಸುವುದೇ ಲೇಸು. ಆಗದಿದ್ದರೆ, ಹೊಸದಾಗಿ ಏನನ್ನೂ ಕೊಳ್ಳದೆ, ಕೈಲಾದಷ್ಟು ದೊಡ್ಡ ಮೊತ್ತವನ್ನು ಪ್ರತಿ ತಿಂಗಳೂ ಕಟ್ಟಬೇಕು. ಮೇಷ್ಟರು ಕಾರ್ಡನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ; ತಿಂಗಳಿಗೆ 2,000 ಕಟ್ಟಲು ನಿಶ್ಚಯಿಸಿದ್ದಾರೆ. ಹನ್ನೆರಡನೆಯ ತಿಂಗಳಿಗೆ ಅವರು ಋಣಮುಕ್ತರು.