ಮನೆಯಂಗಳದ ಮರಕ್ಕೆ ಗರಗಸ ಹಿಡಿಯುವ ಮುನ್ನ



ನಿಮ್ಮ ಮನೆಯ ಮಾವಿನ ಮರವನ್ನೊಮ್ಮೆ ತಲೆಯೆತ್ತಿ ನೋಡಿ. ಉಳಿದವೆಲ್ಲ ಚಿಗುರಿದರೂ ಚಿಗುರದ ಕೊಂಬೆ, ಕಳಚಿ ಬೀಳುವ ತೊಗಟೆ, ಅದರ ಮೇಲೆ ಎದ್ದ ಅಣಬೆ ಕಂಡರೆ ಆ ಕೊಂಬೆ ಒಳಗೇ ಕೊಳೆಯುತ್ತಿದೆ ಎಂದು ತಿಳಿಯಿರಿ. ಮಳೆಗಾಳಿಗೆ ಅದು ಮುರಿದು ಬೀಳುವ ಮೊದಲೇ ತೆಗೆಯುವುದು ಕ್ಷೇಮ. ಆದರೆ ಎಲ್ಲಿ ಕತ್ತರಿಸಬೇಕು?

ನಮ್ಮ ಚರ್ಮಕ್ಕೆ ಗಾಯವಾದರೆ ಹೊಸ ಜೀವಕೋಶಗಳು ಹುಟ್ಟಿ ಗಾಯ ಮಾಯುತ್ತದೆ. ಮರದಲ್ಲಿ ಹಾಗಲ್ಲ. ಕೊಳೆತ ಭಾಗ ಕೊಳೆತೇ ಇರುತ್ತದೆ. ಮರವು ಅದರ ಸುತ್ತ ರಾಸಾಯನಿಕ ಗೋಡೆ ಕಟ್ಟಿ, ಹೊರಗಿನಿಂದ ಹೊಸ ಅಂಗಾಂಶ ಬೆಳೆಸಿ ಮುಚ್ಚಿಬಿಡುತ್ತದೆ. ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೊ ಅನೇಕ ಮರಗಳನ್ನು ಸೀಳಿ ಪರೀಕ್ಷಿಸಿ, 1970ರ ದಶಕದಲ್ಲಿ ಇದನ್ನು ವಿವರಿಸಿದರು.

ಕೊಂಬೆಯು ಕಾಂಡವನ್ನು ಸೇರುವಲ್ಲಿ ಬಳೆಯಂತೆ ಉಬ್ಬಿದ ಭಾಗವಿರುತ್ತದೆ. ರಕ್ಷಣೆಯ ಗೋಡೆ ಏಳುವುದು ಇಲ್ಲಿಯೇ. ಕಾಂಡಕ್ಕೆ ಸಮನಾಗಿ ಕತ್ತರಿಸಿದರೆ ಬಳೆಯೂ ಹೋಗುತ್ತದೆ. ಕೊಳೆತ ಕಾಂಡಕ್ಕೆ ಇಳಿಯುತ್ತದೆ. ಗೇಣುದ್ದ ಮೋಟು ಬಿಟ್ಟರೆ ಅದು ಒಣಗಿ ಶಿಲೀಂಧ್ರಗಳಿಗೆ ಬಾಗಿಲಾಗುತ್ತದೆ. ಆದ್ದರಿಂದ ಬಳೆಗೆ ತಾಗದಂತೆ, ಅದರ ಹೊರ ಅಂಚಿನಲ್ಲೇ ಕತ್ತರಿಸಬೇಕು.

ಮಚ್ಚು ಬೇಡ, ಹರಿತವಾದ ಗರಗಸ ಬಳಸಿ. ಮೊದಲು ಕಾಂಡದಿಂದ ಒಂದು ಅಡಿ ದೂರದಲ್ಲಿ, ಕೊಂಬೆಯ ಅಡಿಭಾಗದಲ್ಲಿ ಕಾಲುಭಾಗದಷ್ಟು ಕೊಯ್ಯಿರಿ. ಅದಕ್ಕಿಂತ ಒಂದೆರಡು ಅಂಗುಲ ಆಚೆ ಮೇಲಿನಿಂದ ಪೂರ್ತಿ ಕೊಯ್ಯಿರಿ. ಆಗ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನು ಸೀಳಿಕೊಂಡು ಬರುವುದಿಲ್ಲ. ಕೊನೆಗೆ ಉಳಿದ ಮೋಟನ್ನು ಬಳೆಯ ಅಂಚಿನಲ್ಲಿ ತೆಗೆಯಿರಿ. ಡಾಂಬರು ಬಳಿಯಬೇಡಿ, ಅದರಿಂದ ಕೊಳೆತ ನಿಲ್ಲುವುದಿಲ್ಲ.

ಇದೆಲ್ಲ ನೆಲದ ಮೇಲೆ ನಿಂತು ಕೈಗೆಟಕುವ ಸಣ್ಣ ಕೊಂಬೆಗಳಿಗೆ ಮಾತ್ರ, ಜೊತೆಗೆ ಹಿರಿಯರೊಬ್ಬರಿರಲಿ. ಕೊಂಬೆಯ ನೇರ ಕೆಳಗೆ ಯಾರೂ ನಿಲ್ಲಬಾರದು. ಏಣಿ ಬೇಕಾದರೆ ಅದು ನುರಿತವರ ಕೆಲಸ. ನುಗ್ಗೆಯ ಕೊಂಬೆ ಹಸಿಯಾಗಿದ್ದರೂ ಫಟ್ಟನೆ ಮುರಿಯುತ್ತದೆ, ಅದನ್ನು ಹತ್ತಲೇಬೇಡಿ. ವಿದ್ಯುತ್ ತಂತಿ ಹತ್ತಿರವಿದ್ದರೆ ಗರಗಸ ಕೆಳಗಿಟ್ಟು ವಿದ್ಯುತ್ ಕಚೇರಿಗೆ ತಿಳಿಸಿ. ಬೀದಿಯ ಮರವಾದರೆ ನಗರಸಭೆಗೆ ಹೇಳಿ.

ನಾಳೆ ಕಾಲೇಜಿಗೆ ಹೋಗುವಾಗ ಸಾಲುಮರಗಳ ಹಳೆಯ ಗಾಯಗಳನ್ನು ಗಮನಿಸಿ. ಸುತ್ತಲೂ ದುಂಡಗೆ ಉಂಗುರ ತುಂಬಿಬಂದಿದ್ದರೆ ಕೊಯ್ದ ಕೈಗೆ ಮರದ ಗುಣ ಗೊತ್ತಿತ್ತು. ಎರಡು ಪಕ್ಕಗಳಲ್ಲಷ್ಟೇ ತುಂಬಿ, ಮೇಲೆ ಕೆಳಗೆ ಬರಿದಾಗಿದ್ದರೆ ಬಳೆಯನ್ನೂ ಕೊಯ್ದಿದ್ದಾರೆ ಎಂದೇ ಲೆಕ್ಕ.