ರೇಷ್ಮೆಯ ಮನೆಯಲ್ಲಿ ಸೊಳ್ಳೆಪರದೆ



ಹುಲಿಯೂರುದುರ್ಗದ ಸುತ್ತಣ ಹಳ್ಳಿಗಳಲ್ಲಿ ರೇಷ್ಮೆಹುಳು ಸಾಕುವ ಮನೆಗಳುಂಟು. ಅಂತಹ ಮನೆಗೆ ಕೀಟನಾಶಕವನ್ನು ಲೇಪಿಸಿದ ಸೊಳ್ಳೆಪರದೆಯನ್ನು ತರಬಹುದೆ, ಬಾರದೆ ಎಂಬುದನ್ನು ನಾವು ಈ ಹೊತ್ತು ವಿಚಾರಮಾಡಬೇಕೆಂದಿದ್ದೇವೆ. ಪ್ರಶ್ನೆಯೇನೋ ಸಣ್ಣದಾಗಿ ತೋರುವುದು. ಆದರೆ ಅದರ ಒಂದು ಕಡೆ ಮಗುವಿನ ಚಳಿಜ್ವರ, ಇನ್ನೊಂದು ಕಡೆ ಒಂದು ಸಂಸಾರದ ತಿಂಗಳ ದುಡಿಮೆ ಇವೆ.

ಮಲೇರಿಯಾದ ಸೊಳ್ಳೆ ಮೋರಿಯಲ್ಲಿ ಹುಟ್ಟುವುದೆಂದು ಅನೇಕರು ನಂಬಿದ್ದಾರೆ. ಮೋರಿಯ ಸೊಳ್ಳೆಯೇ ಬೇರೆ. ಬಯಲುಸೀಮೆಯ ಹಳ್ಳಿಗಳಲ್ಲಿ ಈ ರೋಗವನ್ನು ಮುಖ್ಯವಾಗಿ ಹರಡತಕ್ಕದ್ದು ಅನಾಫಿಲೀಸ್ ಕ್ಯುಲಿಸಿಫೇಸಿಸ್ ಎಂಬ ಜಾತಿ. ಅದು ಬಾವಿ, ಹಳ್ಳದ ಮಡು, ಕಾಲುವೆಯ ಅಂಚು ಮೊದಲಾದ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ಹಗಲು ಕೊಟ್ಟಿಗೆಯಲ್ಲಿ ತಂಗಿದ್ದು ಕತ್ತಲಾದ ಮೇಲೆ ಹೊರಡುತ್ತದೆ. ದನದ ರಕ್ತವೇ ಅದಕ್ಕೆ ಹೆಚ್ಚು ಪ್ರಿಯ. ಹಾಗೆಂದು ಮನುಷ್ಯನನ್ನು ಬಿಡುವುದಿಲ್ಲ.

1953ರಲ್ಲಿ ಭಾರತದಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಯೋಜನೆ ಆರಂಭವಾಗಿ ಮನೆಮನೆಯ ಗೋಡೆಗೂ ಡಿಡಿಟಿಯನ್ನು ಸಿಂಪಡಿಸಿದರು. 1965ರ ಹೊತ್ತಿಗೆ ವರ್ಷವೊಂದರ ರೋಗಿಗಳ ಸಂಖ್ಯೆ ಸುಮಾರು 1 ಲಕ್ಷಕ್ಕೆ ಇಳಿಯಿತು. 1976ರಲ್ಲಿ ಅದೇ ಸಂಖ್ಯೆ 64 ಲಕ್ಷಕ್ಕೆ ಏರಿತು. ಕಾರಣಗಳು ಹಲವು, ಅವುಗಳಲ್ಲೊಂದು, ಸೊಳ್ಳೆ ವಿಷವನ್ನು ತಾಳಿಕೊಂಡದ್ದು. ಅಸಂಖ್ಯಾತ ಸೊಳ್ಳೆಗಳಲ್ಲಿ ಹುಟ್ಟಿನಿಂದಲೇ ವಿಷವನ್ನು ಸಹಿಸಬಲ್ಲ ಕೆಲವು ಇದ್ದವು. ಉಳಿದವು ಸತ್ತವು, ಇವುಗಳ ಸಂತಾನ ಬೆಳೆಯಿತು.

ಪರದೆಗಳಿಗೆ ಲೇಪಿಸುವ ಪೈರಿಥ್ರಾಯ್ಡ್ ಎಂಬ ಮದ್ದು ಡಿಡಿಟಿಯಂತೆಯೇ ಸೊಳ್ಳೆಯ ನರಕ್ಕೆ ತಾಗುವುದು. ಆದಕಾರಣ ಒಂದಕ್ಕೆ ಒಗ್ಗಿದ ಸೊಳ್ಳೆ ಮತ್ತೊಂದಕ್ಕೂ ಜಗ್ಗದಿರುವುದುಂಟು. ಇದಕ್ಕಾಗಿ ಕ್ಲೋರ್‌ಫೆನಾಪಿರ್ ಎಂಬ ಎರಡನೆಯ ಮದ್ದನ್ನು ಕೂಡಿಸಿದ ಪರದೆಗಳು ಬಂದಿವೆ. ಇದು ನರಕ್ಕೆ ಹೋಗದೆ ಸೊಳ್ಳೆಯ ದೇಹದಲ್ಲಿ ಶಕ್ತಿ ಹುಟ್ಟುವ ಕ್ರಿಯೆಯನ್ನೇ ಕೆಡಿಸುತ್ತದೆ. ತಾಂಜಾನಿಯಾದಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹಳೆಯ ಬಗೆಯ ಪರದೆಗಿಂತ ಈ ಪರದೆಯಿಂದ ಮಕ್ಕಳ ಮಲೇರಿಯಾ ಎರಡು ವರ್ಷಗಳಲ್ಲಿ ಶೇಕಡ 44ರಷ್ಟು ಕಡಮೆಯಾಯಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಶಿಫಾರಸು ಮಾಡಿತು.

ಸೊಳ್ಳೆಗೆ ಇಷ್ಟು ಸಾಕು. ಇನ್ನು ನಮ್ಮ ಹುಳುವಿನ ಮಾತು. ಸಹಸ್ರಾರು ವರ್ಷ ಮನುಷ್ಯನ ಆರೈಕೆಯಲ್ಲಿ ಬೆಳೆದ ರೇಷ್ಮೆಹುಳುವಿನಷ್ಟು ಸುಕುಮಾರ ಜೀವಿ ಬೇರೊಂದಿಲ್ಲ. ಸೊಪ್ಪಿಗೆ ಪೈರಿಥ್ರಾಯ್ಡಿನ ಲೇಶ ಸೋಂಕಿದರೂ ಹುಳು ಮೇವು ಬಿಡುತ್ತದೆ, ರಸ ಕಕ್ಕಿ ಹೊರಳಾಡಿ ಸಾಯುತ್ತದೆ. ಹೊಸ ಮದ್ದೂ ಅದಕ್ಕೆ ವಿಷವೇ. ಆದುದರಿಂದ ರೈತನು ಮದ್ದಿನ ಪರದೆಯನ್ನು ಕಂಡು ಹಿಂಜರಿದರೆ ಅದನ್ನು ಮೌಢ್ಯವೆಂದು ಜರೆಯುವುದು ನ್ಯಾಯವಲ್ಲ.

ಕೋಲಾರ ಜಿಲ್ಲೆಯ ಕಾಮಸಮುದ್ರದ ಕಡೆಯ ರೇಷ್ಮೆ ಹಳ್ಳಿಗಳಲ್ಲಿಯೂ ಇದೇ ತೊಡಕು ಇದ್ದಿತು. ಮನೆಯೊಳಗೆ ಮದ್ದು ಸಿಂಪಡಿಸುವುದು ಅಲ್ಲಿ ಸಾಗುವಂತಿರಲಿಲ್ಲ. 1990ರ ದಶಕದಲ್ಲಿ ಮಲೇರಿಯಾ ಸಂಶೋಧನಾ ಕೇಂದ್ರದವರು ಅಲ್ಲಿನ ಬಾವಿಗಳಲ್ಲಿ ಗಪ್ಪಿ ಮೀನನ್ನು ಬಿಡಿಸಿದರು. ಮೀನು ಸೊಳ್ಳೆಯ ಮರಿಗಳನ್ನು ತಿಂದಿತು, ರೋಗ ಇಳಿಯಿತು, ಹುಳುವಿಗೆ ಹಾನಿಯಾಗಲಿಲ್ಲ. ಇಂತಹ ಮೀನನ್ನು ಬಾವಿಗೂ ನೀರಿನ ತೊಟ್ಟಿಗೂ ಬಿಡಬಹುದೇ ಹೊರತು ಕೆರೆಗೂ ಹೊಳೆಗೂ ಬಿಡಲಾಗದು. ನಾಡಮೀನುಗಳಿಗೆ ಅದರಿಂದ ಕೇಡುಂಟು.

ಹುಳು ಸಾಕುವ ಕೋಣೆಯಲ್ಲಿಯೇ ಜನರೂ ಮಲಗುವ ಮನೆಗೆ ಮದ್ದಿಲ್ಲದ ಸಾದಾ ಪರದೆಯೇ ಸರಿಯೆಂದು ನಮ್ಮ ಅಭಿಪ್ರಾಯ. ಅದು ಹರಿದಿರಬಾರದು, ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಬೇಕು, ಕೈಕಾಲು ಬಟ್ಟೆಗೆ ತಾಗದಷ್ಟು ಅಗಲವಿರಬೇಕು. ವಿಷಕ್ಕೆ ಹೆದರದ ಸೊಳ್ಳೆಗೂ ಬಟ್ಟೆಯನ್ನು ತೂರಿ ಬರುವ ಸಾಮರ್ಥ್ಯವಿಲ್ಲವಷ್ಟೆ. ಹುಳುಮನೆ ಬೇರೆಯಾಗಿದ್ದರೆ ವಾಸದ ಮನೆಯಲ್ಲಿ ಮದ್ದಿನ ಪರದೆಯನ್ನು ಧಾರಾಳವಾಗಿ ಕಟ್ಟಬಹುದು. ಆದರೆ ಅದನ್ನು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಸೊಪ್ಪನ್ನು ಮುಟ್ಟಕೂಡದು. ಒಗೆದ ಪರದೆಯನ್ನು ಹಿಪ್ಪುನೇರಳೆಯ ತೋಟದ ಬೇಲಿಗೆ ಹರವಕೂಡದು. ಒಗೆದ ನೀರು ಕೆರೆ ಬಾವಿಗಳನ್ನು ಸೇರಿದರೆ ಮೀನುಗಳು ಸಾಯುವುವು.

ಇನ್ನೊಂದು ಅಪಾಯವನ್ನು ವಿಶೇಷವಾಗಿ ಹೇಳಬೇಕು. 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟ ಮೇಲೆ ಹುಳುಮನೆಯ ಕಿಟಕಿ ಬಾಗಿಲುಗಳಿಗೆ ಬಲೆ ಕಟ್ಟುವುದು ವಾಡಿಕೆಯಾಗಿದೆ. ಹಳೆಯ ಸೊಳ್ಳೆಪರದೆ ಕಂಡರೆ, ಇದನ್ನೇ ಕತ್ತರಿಸಿ ಕಟ್ಟೋಣವೆಂದು ಯಾರಿಗಾದರೂ ತೋಚೀತು. ಮದ್ದಿನ ಪರದೆಯಾದರೆ, ಹಳತಾದರೂ ಅದರಲ್ಲಿ ವಿಷದ ಅಂಶ ಉಳಿದಿರುತ್ತದೆ. ನೊಣ ತಡೆಯಲು ಹೋಗಿ ತಟ್ಟೆಗಟ್ಟಲೆ ಹುಳುವನ್ನು ಕಳೆದುಕೊಳ್ಳಬೇಕಾದೀತು.

ಯಾವ ಪರದೆಯಾದರೂ ಮಲಗಿದವನನ್ನು ಮಾತ್ರ ಕಾಯಬಲ್ಲುದು. ಹುಳು ದೊಡ್ಡದಾದಾಗ ರಾತ್ರಿ ಹತ್ತು ಹನ್ನೊಂದು ಗಂಟೆಗೆ ಎದ್ದು ಸೊಪ್ಪು ಹಾಕುವವರು, ಹೆಚ್ಚಾಗಿ ಹೆಂಗಸರು, ಸೊಳ್ಳೆ ಕಚ್ಚುವ ವೇಳೆಯಲ್ಲಿಯೇ ಪರದೆಯ ಹೊರಗಿರುತ್ತಾರೆ. ಇವರಿಗೆ ತುಂಬುತೋಳಿನ ಬಟ್ಟೆಯೂ, ಹುಳುಮನೆಯ ಕಿಟಕಿಗೆ ಮದ್ದಿಲ್ಲದ ಬಲೆಯೂ ಬೇಕು. ಚಳಿಯಿಂದ ಜ್ವರ ಬಂದರೆ, ಹುಳು ಹಣ್ಣಾಗಿ ಚಂದ್ರಿಕೆಗೆ ಏರಲೆಂದು ಕಾಯದೆ, ಆ ದಿನವೇ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತವನ್ನು ಪರೀಕ್ಷೆ ಮಾಡಿಸಬೇಕು.